ಮೊದಲು ಉದ್ಯೋಗ, ಅನಂತರ ಪ್ರಯಾಣ: ಹೊರರಾಜ್ಯದ ಕೆಲಸಗಾರ ಮತ್ತು ಸಣ್ಣ ಉದ್ಯಮಿಯ ಹೊಣೆ

ಕೆಲಸಗಾರರು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ. ಸಣ್ಣ ಕೈಗಾರಿಕೆಗಳ ಮಾಲೀಕರು ಹಾಗೂ ವರ್ತಕರು ಒಂದೆಡೆ ಸೇರಿದಾಗಲೆಲ್ಲ ಕೇಳಿಬರುವ ಮಾತಿದು. ಪೀಣ್ಯದ ಯಂತ್ರ ಬಿಡಿಭಾಗ ಘಟಕಗಳಿರಲಿ, ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳಿರಲಿ, ಗಂಗಾವತಿಯ ಅಕ್ಕಿ ಗಿರಣಿಗಳಿರಲಿ, ಮಂಗಳೂರಿನ ಮೀನುಗಾರಿಕಾ ದಕ್ಕೆಯಿರಲಿ, ಇಂದು ದುಡಿಯುವ ಕೈಗಳಲ್ಲಿ ಗಣನೀಯ ಪಾಲು ಬಿಹಾರ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶ ಮುಂತಾದ ರಾಜ್ಯಗಳಿಂದ ಬಂದವರದು. ಇದೇ ವೇಳೆಗೆ ಕಲಬುರಗಿ, ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಯುವಕರು ಪುಣೆ, ಮುಂಬಯಿ, ಗೋವಾಗಳತ್ತಲೂ, ಆನೇಕಲ್ ಹಾಗೂ ಕೋಲಾರದ ಕಡೆಯವರು ಗಡಿಯಾಚೆಯ ಹೊಸೂರಿನತ್ತಲೂ ಉದ್ಯೋಗ ಅರಸಿ ಹೋಗುತ್ತಿದ್ದಾರೆ. ಒಂದು ರಾಜ್ಯದ ಬಾಗಿಲಿನಿಂದ ಬರುವವರೂ ಉಂಟು, ಅದೇ ಬಾಗಿಲಿನಿಂದ ಹೋಗುವವರೂ ಉಂಟು.

ಈ ಸಂಚಾರದ ಗಾತ್ರ ಸಾಮಾನ್ಯವಾದುದಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಹುಟ್ಟಿದ ಊರನ್ನೋ ಹಿಂದೆ ವಾಸವಾಗಿದ್ದ ಊರನ್ನೋ ಬಿಟ್ಟು ಬೇರೆಡೆ ನೆಲೆಸಿದವರ ಸಂಖ್ಯೆ 45 ಕೋಟಿಗೂ ಹೆಚ್ಚು; ಅವರಲ್ಲಿ ರಾಜ್ಯದ ಗಡಿ ದಾಟಿದವರು 5 ಕೋಟಿಗೂ ಅಧಿಕ. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆಯು ರೈಲ್ವೆ ಪ್ರಯಾಣಿಕರ ಅಂಕಿ ಅಂಶಗಳನ್ನು ಆಧರಿಸಿ, 2011ರಿಂದ 2016ರವರೆಗೆ ವರ್ಷಕ್ಕೆ ಸರಾಸರಿ 90 ಲಕ್ಷ ಜನರು ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗಿದ್ದಾರೆಂದು ಅಂದಾಜಿಸಿತ್ತು. ಇಷ್ಟು ದೊಡ್ಡ ಸಂಚಾರದಲ್ಲಿ ಹೊರಡುವ ಮುನ್ನವೇ ಲಿಖಿತವಾಗಿ ಉದ್ಯೋಗ ನಿಶ್ಚಯವಾದವರು ಎಷ್ಟು ಮಂದಿ ಎಂದು ಕೇಳಿದರೆ, ದೊಡ್ಡ ಕಂಪನಿಗಳ ಎಂಜಿನಿಯರುಗಳನ್ನೂ ಸರ್ಕಾರಿ ನೌಕರರನ್ನೂ ಹೊರತುಪಡಿಸಿ ಹೇಳಿಕೊಳ್ಳುವಂತಹ ಉತ್ತರ ದೊರೆಯದು. ಉಳಿದವರ ಪಾಲಿಗೆ ಪ್ರಯಾಣ ಮೊದಲು, ಉದ್ಯೋಗ ಅನಂತರ. ಈ ಕ್ರಮ ತಲೆಕೆಳಗಾದುದು. ಇದನ್ನು ಸರಿಪಡಿಸುವ ಶಕ್ತಿ ಸರ್ಕಾರಕ್ಕಿಂತ ಹೆಚ್ಚಾಗಿ ಸಣ್ಣ ಉದ್ಯಮಿಯ ಕೈಯಲ್ಲಿಯೇ ಇದೆ. ಸರಿಪಡಿಸಿದರೆ ಮೊದಲ ಲಾಭವೂ ಆತನಿಗೇ.

ಇಬ್ಬರೂ ಕಾಯುವ ಆಟ

ಹೊರರಾಜ್ಯದಲ್ಲಿ ಕೆಲಸ ಹುಡುಕುವವನು ಎದುರಿಸುವ ಮೊದಲ ತೊಡಕು ವಿಳಾಸದ್ದು. ಅರ್ಜಿಯಲ್ಲಿ ದೂರದ ಊರಿನ ಹೆಸರು ಕಂಡೊಡನೆ ಮಾಲೀಕನು ಅದನ್ನು ಬದಿಗಿಡುತ್ತಾನೆ. "ಇಲ್ಲಿಗೆ ಬಂದ ಮೇಲೆ ಬಂದು ಕಾಣಲಿ" ಎಂಬುದು ಸಾಮಾನ್ಯ ಉತ್ತರ. ಮಾಲೀಕನ ಅನುಮಾನಕ್ಕೂ ಕಾರಣವಿದೆ. ಬರುತ್ತೇನೆಂದವನು ಬಾರದೆ ಹೋಗಬಹುದು. ಬಂದವನಿಗೆ ಹೇಳಿಕೊಂಡಷ್ಟು ಕೆಲಸ ಬಾರದಿರಬಹುದು. ಊಟ ಹಾಗೂ ಹವೆ ಒಗ್ಗದೆ ವಾರದಲ್ಲಿಯೇ ಹಿಂದಿರುಗಬಹುದು. ಅತ್ತ ಕೆಲಸಗಾರನ ಅನುಮಾನಕ್ಕೂ ಆಧಾರವಿದೆ. ಹೇಳಿದ ಸಂಬಳವೇ ಬೇರೆ, ಕೈಗೆ ಬರುವ ಸಂಬಳವೇ ಬೇರೆಯಾಗಬಹುದು; ಕೋಣೆ ಕೊಡುತ್ತೇವೆಂದವರು ಕಾರ್ಖಾನೆಯ ಮೂಲೆಯೊಂದನ್ನು ತೋರಿಸಬಹುದು; ದಿನಕ್ಕೆ ಎಂಟು ಗಂಟೆಯೆಂದದ್ದು ಹನ್ನೆರಡಾಗಬಹುದು. ಹೀಗೆ ಇಬ್ಬರೂ ಎದುರಿನವನೇ ಮೊದಲ ಹೆಜ್ಜೆ ಇಡಲೆಂದು ಕಾಯುತ್ತಾರೆ. ಕಡೆಗೆ ಕೈಯಲ್ಲಿ ಕಾಸಿಲ್ಲದವನೇ ಮೊದಲ ಹೆಜ್ಜೆ ಇಡಬೇಕಾಗುತ್ತದೆ. ಆತ ಸಾಲ ಮಾಡಿ ರೈಲು ಹತ್ತುತ್ತಾನೆ.

ವ್ಯಾಪಾರಿಗಳಿಗೆ ಲೆಕ್ಕದ ಭಾಷೆಯಲ್ಲಿ ಹೇಳಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಉದಾಹರಣೆಗಾಗಿ ಒಂದು ಸರಳ ಲೆಕ್ಕ: ದೂರದ ರಾಜ್ಯದಿಂದ ಬರುವವನಿಗೆ ರೈಲಿನ ದರ ಹಾಗೂ ದಾರಿಯ ಊಟಕ್ಕೆ 1,500 ರೂಪಾಯಿ ಬೇಕೆಂದಿರಲಿ. ಕೆಲಸ ಹುಡುಕಲು 15 ದಿನ ಹಿಡಿದು, ವಸತಿ ಮತ್ತು ಊಟಕ್ಕೆ ದಿನಕ್ಕೆ 300 ರೂಪಾಯಿಯಂತೆ 4,500 ರೂಪಾಯಿ ಖರ್ಚಾಗಲಿ. ಮನೆಯವರ ಖರ್ಚಿಗೆಂದು 4,000 ರೂಪಾಯಿ ಬಿಟ್ಟು ಬಂದರೆ ಒಟ್ಟು 10,000 ರೂಪಾಯಿ. ಊರಿನ ಸಾಲಗಾರನಲ್ಲಿ ತಿಂಗಳಿಗೆ ನೂರಕ್ಕೆ ಮೂರರಂತೆ ಈ ಹಣ ತಂದರೆ ಬಡ್ಡಿಯೇ ತಿಂಗಳಿಗೆ 300 ರೂಪಾಯಿ. ವರ್ಷಕ್ಕೆ ಶೇಕಡಾ 36. ಆ 15 ದಿನಗಳಲ್ಲಿ ಊರಿನಲ್ಲಿಯೇ ದೊರೆಯಬಹುದಾಗಿದ್ದ ಕೂಲಿಯ ನಷ್ಟ ಇದರಲ್ಲಿ ಸೇರಿಲ್ಲ.

ಇಂತಹ ಸಾಲ ಹೊತ್ತು ಬಂದವನು ಕೆಲಸವನ್ನು ಆರಿಸುವ ಸ್ಥಿತಿಯಲ್ಲಿರುವುದಿಲ್ಲ. ಮೊದಲು ಯಾವ ಬಾಗಿಲು ತೆರೆಯಿತೋ ಅಲ್ಲಿಗೆ ಸೇರುತ್ತಾನೆ. ವೆಲ್ಡಿಂಗ್ ಬಲ್ಲವನು ಗಾರೆ ಕೆಲಸಕ್ಕೆ, ಟರ್ನರ್ ತರಬೇತಿ ಪಡೆದವನು ಗೋದಾಮಿನ ಹಮಾಲಿಗೆ ಸೇರುವುದು ಹೀಗೆಯೇ. ತಿಂಗಳು ಕಳೆಯುವಷ್ಟರಲ್ಲಿ ತನ್ನ ಕಸಬಿಗೆ ತಕ್ಕ ಕೆಲಸವೋ ದಿನಕ್ಕೆ ಐವತ್ತು ರೂಪಾಯಿ ಹೆಚ್ಚಿನ ಕೂಲಿಯೋ ದೊರೆತರೆ ಹೇಳದೆ ಕೇಳದೆ ಹೊರಟುಹೋಗುತ್ತಾನೆ. ಮಾಲೀಕನು ಇದನ್ನು ನಿಯತ್ತಿಲ್ಲದ ನಡತೆಯೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಆತ ಆ ಮಾಲೀಕನಿಗೆ ಮಾತು ಕೊಟ್ಟು ಬಂದವನೇ ಅಲ್ಲ. ಮಾಲೀಕನೂ ಆತನಿಗೆ ಮಾತು ಕೊಟ್ಟಿರಲಿಲ್ಲ. ನಿಲ್ಲದ ಕೆಲಸಗಾರನ ಬಗೆಗಿನ ದೂರಿನಲ್ಲಿ ದೊಡ್ಡ ಪಾಲು ಈ ಮೊದಲ ಮಾತಿನ ಕೊರತೆಯಿಂದಲೇ ಹುಟ್ಟಿದ್ದು.

ಇನ್ನು ಮಾಲೀಕನ ಕಡೆಯ ಲೆಕ್ಕ. ತಿಂಗಳಿಗೆ 40,000 ರೂಪಾಯಿ ಕಂತು ಕಟ್ಟಬೇಕಾದ ಸಿಎನ್‌ಸಿ ಯಂತ್ರವೊಂದು ಆಪರೇಟರ್ ಇಲ್ಲದೆ 15 ದಿನ ನಿಂತರೆ ಕಂತಿನಲ್ಲಿಯೇ 20,000 ರೂಪಾಯಿ ವ್ಯರ್ಥ. ಸರಬರಾಜು ತಡವಾದುದಕ್ಕೆ ಗಿರಾಕಿ ಕಡಿತ ಮಾಡುವ ಹಣ, ಕೈತಪ್ಪುವ ಮುಂದಿನ ಆರ್ಡರ್ ಇವು ಬೇರೆ. ಯೋಗ್ಯ ಕೆಲಸಗಾರನನ್ನು ಆತನ ಊರಿನಲ್ಲಿಯೇ ಗುರುತಿಸಿ, ರೈಲಿನ ದರ ಕೊಟ್ಟು, ದಿನ ಗೊತ್ತುಮಾಡಿ ಕರೆಸಿಕೊಂಡಿದ್ದರೆ ತಗಲುತ್ತಿದ್ದ ವೆಚ್ಚ ಇದರ ಒಂದು ಸಣ್ಣ ಅಂಶ ಮಾತ್ರ.

ಮಧ್ಯವರ್ತಿ ಮಾರುವ ಸರಕು

ಹೊರಡುವ ಮುನ್ನವೇ ಕೆಲಸದ ಭರವಸೆ ನೀಡುವವನು ಇಂದು ಬಹುಮಟ್ಟಿಗೆ ಮಧ್ಯವರ್ತಿಯೊಬ್ಬನೇ. ಗುತ್ತಿಗೆದಾರ, ಮೇಸ್ತ್ರಿ, ಸರ್ದಾರ ಹೀಗೆ ಹೆಸರು ಯಾವುದಿದ್ದರೂ ಆತನ ವ್ಯಾಪಾರದ ಸರಕು ಒಂದೇ: ಇಂತಹ ಊರಿನಲ್ಲಿ ಇಂತಹ ಕೆಲಸವಿದೆ ಎಂಬ ಸುದ್ದಿ ಮತ್ತು ಹೊರಡಲು ಬೇಕಾದ ಮುಂಗಡ. ಆ ಸುದ್ದಿಗೆ ಬೆಲೆಯಾಗಿ ಆತ ಪ್ರತಿದಿನದ ಕೂಲಿಯಲ್ಲಿ ಪಾಲು ಪಡೆಯುತ್ತಾನೆ. ಆ ಮುಂಗಡದಿಂದ ಕೆಲಸಗಾರನನ್ನು ಕಟ್ಟಿಹಾಕುತ್ತಾನೆ. ಎಲ್ಲ ಗುತ್ತಿಗೆದಾರರೂ ಮೋಸಗಾರರೆಂದು ಹೇಳುವುದು ಅನ್ಯಾಯ. ಸ್ವಂತ ಹಣ ಹಾಕಿ ಜನರನ್ನು ಕರೆತಂದು ಕಷ್ಟದಲ್ಲಿ ನೋಡಿಕೊಂಡವರೂ ಇದ್ದಾರೆ. ಆದರೆ ಮಾಲೀಕನು ಒಂದು ಹಾಳೆಯಲ್ಲಿ ಬರೆದು ಕಳುಹಿಸಬಹುದಾದ ಭರವಸೆಯನ್ನು ಮಧ್ಯವರ್ತಿಯಿಂದ ದಿನನಿತ್ಯದ ದರಕ್ಕೆ ಕೊಳ್ಳುವುದು ಯಾವ ಬಗೆಯ ವ್ಯಾಪಾರ ಜಾಣ್ಮೆ ಎಂಬ ಪ್ರಶ್ನೆ ಉಳಿಯುತ್ತದೆ.

ಈ ಸಮಸ್ಯೆಯನ್ನು ಕಾನೂನು ಬಹಳ ಹಿಂದೆಯೇ ಗುರುತಿಸಿತ್ತು. ಒಡಿಶಾದಲ್ಲಿ ಮುಂಗಡ ಕೊಟ್ಟು ಕೂಲಿಗಳನ್ನು ಹೊರರಾಜ್ಯಗಳಿಗೆ ಸಾಗಿಸುತ್ತಿದ್ದ 'ದಾದನ್' ಪದ್ಧತಿಯನ್ನು ನಿಯಂತ್ರಿಸಲು ಆ ರಾಜ್ಯವು 1975ರಲ್ಲಿ ಕಾಯ್ದೆ ಮಾಡಿತು. ಅದರ ಬೆನ್ನಿಗೆ 1979ರಲ್ಲಿ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಅಂಗೀಕರಿಸಿತು. ಗುತ್ತಿಗೆದಾರರ ಮೂಲಕ ಬಂದ ಐವರು ಅಥವಾ ಹೆಚ್ಚು ಹೊರರಾಜ್ಯದ ಕಾರ್ಮಿಕರಿರುವ ಸಂಸ್ಥೆಗಳಿಗೆ ಅದು ಅನ್ವಯವಾಗುತ್ತಿತ್ತು. ಪ್ರತಿಯೊಬ್ಬರಿಗೂ ಭಾವಚಿತ್ರ ಸಹಿತ ಪಾಸ್ ಪುಸ್ತಕ, ಹೋಗಿ ಬರುವ ಪ್ರಯಾಣ ಭತ್ಯೆ, ತಿಂಗಳ ವೇತನದ ಅರ್ಧದಷ್ಟು ಅಥವಾ 75 ರೂಪಾಯಿ ಇವುಗಳಲ್ಲಿ ಹೆಚ್ಚಿನದಾದ ಸ್ಥಳಾಂತರ ಭತ್ಯೆ ನೀಡಬೇಕೆಂದು ವಿಧಿಸಲಾಗಿತ್ತು. ಪ್ರಯಾಣದ ದಿನಗಳನ್ನೂ ದುಡಿಮೆಯ ದಿನಗಳೆಂದೇ ಪರಿಗಣಿಸಿ ವೇತನ ಕೊಡಬೇಕೆಂಬ ನಿಯಮವೂ ಅದರಲ್ಲಿತ್ತು. ಆಶಯ ಉದಾತ್ತವಾಗಿತ್ತು, ಜಾರಿ ದುರ್ಬಲವಾಗಿತ್ತು. ತಾನಾಗಿಯೇ ರೈಲು ಹತ್ತಿ ಬಂದವನು ಆ ಕಾಯ್ದೆಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ಮಾಲೀಕನೇ ನೇರವಾಗಿ ಕರೆಸಿಕೊಂಡವರನ್ನೂ ತಾವಾಗಿಯೇ ಬಂದು ಸೇರಿದವರನ್ನೂ ಅಂತರರಾಜ್ಯ ವಲಸೆ ಕಾರ್ಮಿಕರೆಂದು ಅದು ಪರಿಗಣಿಸುತ್ತದೆ. ಅಂತಹ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ಪ್ರಯಾಣದ ಹಣ ಕೊಡಬೇಕು. ಸಂಹಿತೆಯ ವ್ಯಾಪ್ತಿಗೆ ಬರುವ ಸಂಸ್ಥೆಗಳು ಪ್ರತಿಯೊಬ್ಬ ನೌಕರನಿಗೂ ನೇಮಕ ಪತ್ರ ನೀಡುವುದು ಕಡ್ಡಾಯ. ಹಳೆಯ ಸ್ಥಳಾಂತರ ಭತ್ಯೆ ಮಾತ್ರ ಹೊಸ ಸಂಹಿತೆಯಲ್ಲಿಲ್ಲ. ಒಟ್ಟಿನಲ್ಲಿ, ಹೇಗೂ ಬರೆದುಕೊಡಲೇಬೇಕಾದ ನೇಮಕ ಪತ್ರವನ್ನು ಕೆಲಸಗಾರ ಬಂದು ಸೇರಿದ ಮೇಲೆ ಕೊಡುವ ಬದಲು ಹೊರಡುವ ಮುನ್ನವೇ ಕಳುಹಿಸಿದರೆ ಖರ್ಚು ಹೆಚ್ಚುವುದಿಲ್ಲ. ಅದರ ಬೆಲೆ ಮಾತ್ರ ಹತ್ತು ಪಟ್ಟು ಹೆಚ್ಚುತ್ತದೆ.

ಕರಾವಳಿಯ ಹೋಟೆಲುಗಳ ಪಾಠ

ಮೊದಲು ಕೆಲಸ, ಅನಂತರ ಪ್ರಯಾಣ ಎಂಬುದು ಕನ್ನಡಿಗರಿಗೆ ಹೊಸ ವಿಚಾರವಲ್ಲ. ಕಳೆದ ಶತಮಾನದಲ್ಲಿ ಉಡುಪಿ ಹಾಗೂ ಮಂಗಳೂರು ಸೀಮೆಯಿಂದ ಮುಂಬಯಿಗೆ ಹೋಗಿ ಹೋಟೆಲು ಉದ್ಯಮವನ್ನು ಕಟ್ಟಿದವರ ಚರಿತ್ರೆ ಇದಕ್ಕೆ ಸಾಕ್ಷಿ. ಊರಿನಿಂದ ಹೊರಟವನಿಗೆ ಯಾವ ಹೋಟೆಲಿನ ಬಾಗಿಲು ತಟ್ಟಬೇಕು, ಯಾರ ಹೆಸರು ಹೇಳಬೇಕು, ಎಲ್ಲಿ ಮಲಗಬೇಕು ಎಂಬುದು ಹೊರಡುವ ಮುನ್ನವೇ ತಿಳಿದಿರುತ್ತಿತ್ತು. ಸಂಬಂಧಿಕರದೋ ನೆರೆಯವರದೋ ಒಂದು ಮಾತೇ ಅಂದಿನ ನೇಮಕ ಪತ್ರ. ಊಟ ಮತ್ತು ವಸತಿ ಹೋಟೆಲಿನಲ್ಲಿಯೇ ನಡೆಯುತ್ತಿದ್ದುದರಿಂದ ಮೊದಲ ತಿಂಗಳ ಸಾಲದ ಭಯವಿರಲಿಲ್ಲ. ಹಗಲು ದುಡಿದವರು ರಾತ್ರಿ ಓದಲೆಂದು ಕನ್ನಡ ಸಂಘ ಸಂಸ್ಥೆಗಳು ಅಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದವು. ತಟ್ಟೆ ತೊಳೆಯಲು ಸೇರಿ, ಗಲ್ಲಾದಲ್ಲಿ ಕುಳಿತು, ಕಡೆಗೆ ಸ್ವಂತ ಹೋಟೆಲು ತೆರೆದವರ ಉದಾಹರಣೆಗಳು ಕರಾವಳಿಯಲ್ಲಿ ಹೇರಳವಾಗಿವೆ.

ಈ ವ್ಯವಸ್ಥೆಗೆ ದೋಷಗಳೂ ಇದ್ದವು. ಶಾಲೆಯಲ್ಲಿರಬೇಕಾದ ಎಳೆಯ ಬಾಲಕರು ದುಡಿಮೆಗೆ ಬಿದ್ದರು. ಸಂಬಳವೆಷ್ಟೆಂಬುದು ಮಾಲೀಕನ ಮರ್ಜಿಗೆ ಬಿಟ್ಟಿದ್ದಾಗಿತ್ತು. ಊರು ಹಾಗೂ ಜಾತಿಯ ಪರಿಚಯವಿಲ್ಲದವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ದೋಷಗಳನ್ನು ಬಿಟ್ಟು ಗುಣವನ್ನಷ್ಟೇ ಉಳಿಸಿಕೊಳ್ಳುವುದು ಸಾಧ್ಯ. ಪರಿಚಯದ ಸ್ಥಾನದಲ್ಲಿ ಲಿಖಿತ ಕರಾರು, ಜಾತಿಯ ಸ್ಥಾನದಲ್ಲಿ ಕೌಶಲದ ಪ್ರಮಾಣಪತ್ರ, ಬಂಧುವಿನ ಮಾತಿನ ಸ್ಥಾನದಲ್ಲಿ ವಾಣಿಜ್ಯ ಸಂಸ್ಥೆಯ ಖಾತ್ರಿ ಬಂದರೆ ಅದೇ ವ್ಯವಸ್ಥೆ ಇಂದಿಗೂ ನಡೆಯಬಲ್ಲದು.

ಮುಂಚಿತವಾಗಿ ಉದ್ಯೋಗ ನಿಶ್ಚಯಿಸಿದರಷ್ಟೇ ಸಾಲದು, ಕೊಟ್ಟ ಮಾತು ನಿಜವಾಗಿಯೂ ಇರಬೇಕು ಎಂಬುದಕ್ಕೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಅನುಭವ ನಿದರ್ಶನ. ಸರ್ಕಾರದ ಕೌಶಲ ತರಬೇತಿ ಯೋಜನೆಗಳ ಮೂಲಕ ಒಡಿಶಾ, ಜಾರ್ಖಂಡ್‌ಗಳ ಗ್ರಾಮೀಣ ಯುವತಿಯರು ತಮ್ಮ ರಾಜ್ಯದಲ್ಲಿಯೇ ಹೊಲಿಗೆ ಕಲಿತು, ಕೆಲಸ ಗೊತ್ತಾದ ಮೇಲೆಯೇ ಇಲ್ಲಿಗೆ ಬಂದರು. ಹಾಗೆ ಬಂದವರಲ್ಲಿ ಅನೇಕರು ಕೆಲವೇ ತಿಂಗಳುಗಳಲ್ಲಿ ಮರಳಿದರು. ಕಾಗದದ ಮೇಲಿನ ಒಟ್ಟು ವೇತನಕ್ಕೂ ಭವಿಷ್ಯನಿಧಿ, ಇಎಸ್‌ಐ, ವಸತಿ ಹಾಗೂ ಊಟದ ಕಡಿತ ಕಳೆದು ಕೈಗೆ ಬರುವ ಮೊತ್ತಕ್ಕೂ ಇರುವ ಅಂತರ ಮೊದಲ ಸಂಬಳದ ದಿನ ಗೊತ್ತಾದರೆ ಯಾರಿಗಾದರೂ ಮನಸ್ಸು ಮುರಿಯುತ್ತದೆ. ಕೈಗೆ ಎಷ್ಟು ಬರುತ್ತದೆ ಎಂಬ ಒಂದೇ ಅಂಕಿಯನ್ನು ಮುಚ್ಚಿಡದೆ ಹೇಳುವುದು ನೂರು ಸೌಲಭ್ಯಗಳ ವರ್ಣನೆಗಿಂತ ಮೇಲು.

ಒಂದು ಹಾಳೆಯ ಪತ್ರ

ಇಂತಹ ಪತ್ರಕ್ಕೆ ವಕೀಲರ ಅಗತ್ಯವಿಲ್ಲ. ಸಂಸ್ಥೆಯ ಹೆಸರು, ಪೂರ್ಣ ವಿಳಾಸ, ಜಿಎಸ್‌ಟಿ ನೋಂದಣಿ ಸಂಖ್ಯೆ, ಕೆಲಸದ ಸ್ವರೂಪ, ಒಟ್ಟು ವೇತನ, ಕಡಿತಗಳು ಮತ್ತು ಕೈಗೆ ಬರುವ ಮೊತ್ತ, ಕೆಲಸದ ಅವಧಿ ಹಾಗೂ ಹೆಚ್ಚುವರಿ ದುಡಿಮೆಗೆ ಕೊಡುವ ದರ, ವಾರದ ರಜೆ, ವಸತಿ ಇದೆಯೇ, ಇದ್ದರೆ ಒಂದು ಕೋಣೆಯಲ್ಲಿ ಎಷ್ಟು ಜನ, ಬಾಡಿಗೆ ಎಷ್ಟು, ಬಂದು ಸೇರಬೇಕಾದ ದಿನಾಂಕ, ನಿಲ್ದಾಣದಲ್ಲಿ ಇಳಿದ ಮೇಲೆ ಯಾರಿಗೆ ದೂರವಾಣಿ ಮಾಡಬೇಕು ಎಂಬ ವಿವರ. ಇಷ್ಟನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದು, ಸಹಿ ಹಾಗೂ ಮೊಹರು ಹಾಕಿ, ಮೊಬೈಲ್ ಮೂಲಕ ಕಳುಹಿಸಿದರೂ ಸಾಕು.

ಇವುಗಳ ಜೊತೆಗೆ ಎರಡು ಷರತ್ತುಗಳು ಮುಖ್ಯ. ಮೊದಲನೆಯದು ಪ್ರಯಾಣ ವೆಚ್ಚದ್ದು. ಹಣವನ್ನು ಮುಂಗಡವಾಗಿ ಕಳುಹಿಸಲು ಮಾಲೀಕನಿಗೆ ಧೈರ್ಯವಿಲ್ಲದಿದ್ದರೆ, ಕೆಲಸಗಾರ ಬಂದು ಸೇರಿದ ದಿನವೇ ಟಿಕೆಟ್ ನೋಡಿ ಹಣ ಮರಳಿಸುವ ಮಾತನ್ನಾದರೂ ಕೊಡಬಹುದು. ಎರಡನೆಯದು ಪರೀಕ್ಷಾ ಅವಧಿಯದು. ಒಂದು ವಾರವೋ ಎರಡು ವಾರವೋ ಕೆಲಸ ನೋಡಿ, ಒಪ್ಪಿಗೆಯಾಗದಿದ್ದರೆ ದುಡಿದ ದಿನಗಳ ಕೂಲಿಯನ್ನೂ ಮರಳುವ ದರವನ್ನೂ ಕೊಟ್ಟು ಕಳುಹಿಸುವುದಾಗಿ ಬರೆದುಕೊಟ್ಟರೆ ಇಬ್ಬರ ಅನುಮಾನವೂ ಅರ್ಧ ಕರಗುತ್ತದೆ. ಕೆಲಸಗಾರನ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಂಡು ಆತನನ್ನು ಹಿಡಿದಿಡುವ ರೂಢಿ ಕೆಲವೆಡೆ ಇದೆ. ಅದು ನಂಬಿಕೆಯ ಲಕ್ಷಣವಲ್ಲ. ಹಾಗೆ ಹಿಡಿದಿಟ್ಟವನು ಕೈಗೆ ಪತ್ರ ಸಿಕ್ಕ ದಿನವೇ ಹೊರಡುತ್ತಾನೆ.

ಕೌಶಲವನ್ನು ದೂರದಿಂದ ಅಳೆಯುವುದು ಹೇಗೆ ಎಂಬ ಪ್ರಶ್ನೆಯೂ ಇಂದು ಮೊದಲಿನಷ್ಟು ಕಠಿಣವಲ್ಲ. ಐಟಿಐ ಮುಗಿಸಿದವರಿಗೆ ದೊರೆಯುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಎಲ್ಲ ರಾಜ್ಯಗಳಲ್ಲೂ ಮಾನ್ಯ. ಲೇತ್ ಮೇಲೆ ಕೆಲಸ ಮಾಡುವುದನ್ನು, ವೆಲ್ಡಿಂಗ್ ಜೋಡಣೆಯನ್ನು ವಿಡಿಯೋ ಕರೆಯಲ್ಲಿ ತೋರಿಸಲು ಹೇಳಬಹುದು. ನಕ್ಷೆಯೊಂದನ್ನು ಕಳುಹಿಸಿ ಅಳತೆಗಳನ್ನು ಓದಿಸಬಹುದು. ಲೆಕ್ಕಪತ್ರ ಬರೆಯುವವರಿಗೆ ಹತ್ತು ಬಿಲ್ಲುಗಳನ್ನು ಕೊಟ್ಟು ನಮೂದಿಸಲು ಹೇಳಬಹುದು. ಹಿಂದಿನ ಮಾಲೀಕನೊಡನೆ ಐದು ನಿಮಿಷ ಮಾತನಾಡಬಹುದು. ಅರ್ಧ ದಿನದ ಈ ಶ್ರಮ ಅರ್ಧ ತಿಂಗಳ ನಷ್ಟವನ್ನು ತಪ್ಪಿಸುತ್ತದೆ.

ಸೌಲಭ್ಯಗಳೂ ಈಗ ಕೆಲಸಗಾರನ ಹಿಂದೆಯೇ ಸಂಚರಿಸುತ್ತವೆ. 2014ರಿಂದ ಭವಿಷ್ಯನಿಧಿಗೆ ಒಂದೇ ಸಾರ್ವತ್ರಿಕ ಖಾತೆ ಸಂಖ್ಯೆ ಬಂದಿದೆ. ಕೆಲಸ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. 2022ರ ಹೊತ್ತಿಗೆ ಒಂದು ರಾಷ್ಟ್ರ ಒಂದು ಪಡಿತರ ಚೀಟಿ ಯೋಜನೆ ಎಲ್ಲ ರಾಜ್ಯಗಳನ್ನೂ ತಲುಪಿತು. ಇವುಗಳ ವಿವರವನ್ನು ಅದೇ ಪತ್ರದಲ್ಲಿ ಎರಡು ಸಾಲು ಬರೆದರೆ, ಬರುವವನು ಹಳೆಯ ಸಂಖ್ಯೆಗಳನ್ನು ಮರೆಯದೆ ತರುತ್ತಾನೆ.

ಎರಡು ಆಕ್ಷೇಪಗಳು

ಹೊರರಾಜ್ಯದವರನ್ನು ಹೀಗೆ ಆಹ್ವಾನಿಸಿದರೆ ಸ್ಥಳೀಯರ ಗತಿಯೇನು ಎಂಬುದು ಮೊದಲ ಆಕ್ಷೇಪ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆಯ ಬಗ್ಗೆ ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲಿಯೇ ವರದಿ ನೀಡಿತ್ತು. ಖಾಸಗಿ ಕ್ಷೇತ್ರದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ರಾಜ್ಯದ ಮಸೂದೆಯನ್ನು 2024ರ ಜುಲೈನಲ್ಲಿ ಸಂಪುಟ ಒಪ್ಪಿದರೂ ಆಕ್ಷೇಪಗಳ ಹಿನ್ನೆಲೆಯಲ್ಲಿ ತಡೆಹಿಡಿಯಲಾಯಿತು. ಇಂತಹುದೇ ಹರಿಯಾಣದ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದುಪಡಿಸಿತು. ಕಾನೂನಿನ ಚರ್ಚೆ ಹೇಗೇ ಇರಲಿ, ಲಿಖಿತ ಪತ್ರದ ಕ್ರಮ ಸ್ಥಳೀಯರಿಗೆ ಅನುಕೂಲವೇ ಹೊರತು ಪ್ರತಿಕೂಲವಲ್ಲ. ವೇತನ, ಅವಧಿ, ಸೌಲಭ್ಯಗಳನ್ನು ಬರೆದು ಪ್ರಕಟಿಸುವ ಮಾಲೀಕನಿಗೆ ಮೊದಲು ಕಾಣುವವರು ತನ್ನ ತಾಲ್ಲೂಕಿನವರೇ. ಹೊರಗಿನವನನ್ನು ಕಡಿಮೆ ಕೂಲಿಗೆ, ಲೆಕ್ಕವಿಲ್ಲದ ಗಂಟೆಗಳಿಗೆ ದುಡಿಸಬಹುದೆಂಬ ಕಾರಣಕ್ಕೆ ಸ್ಥಳೀಯನನ್ನು ದೂರವಿಡುವ ಪ್ರವೃತ್ತಿಗೆ ತಡೆ ಬೀಳುವುದು ಇಬ್ಬರಿಗೂ ಒಂದೇ ಕರಾರು ಇದ್ದಾಗ ಮಾತ್ರ.

ಖರ್ಚು ಮಾಡಿ ಕರೆಸಿದವನು ಬೇರೆಡೆಗೆ ಹೋದರೆ ಎಂಬುದು ಎರಡನೆಯ ಆಕ್ಷೇಪ. ಹೋಗಬಹುದು. ಸಂವಿಧಾನದ 19ನೆಯ ವಿಧಿ ದೇಶದ ಎಲ್ಲೆಡೆ ಸಂಚರಿಸಲು, ನೆಲೆಸಲು, ವೃತ್ತಿ ನಡೆಸಲು ಪ್ರತಿ ಪ್ರಜೆಗೂ ಸ್ವಾತಂತ್ರ್ಯ ನೀಡಿದೆ. ಕೆಲಸ ಬಿಡುವ ಸ್ವಾತಂತ್ರ್ಯವೂ ಅದರೊಳಗಿದೆ. ಆದರೆ ಸಾಲವಿಲ್ಲದೆ ಬಂದು, ತಿಳಿದೇ ಒಪ್ಪಿ, ಮಾತಿನಂತೆ ಸಂಬಳ ಪಡೆದವನು ಐವತ್ತು ರೂಪಾಯಿಗೆ ಓಡುವ ಸಂಭವ ಕಡಿಮೆ. ಸರಕು ಕೊಂಡ ಪ್ರತಿ ಗಿರಾಕಿಯೂ ಹಣ ಕಟ್ಟುತ್ತಾನೆಂಬ ಖಾತ್ರಿ ಇಲ್ಲದಿದ್ದರೂ ವರ್ತಕನು ಉದ್ದರಿ ಕೊಡುವುದನ್ನು ನಿಲ್ಲಿಸುವುದಿಲ್ಲ, ವಿಚಾರಿಸಿ ಕೊಡುತ್ತಾನೆ. ಕೆಲಸಗಾರನ ವಿಷಯದಲ್ಲಿಯೂ ಅದೇ ವಿವೇಕ ಸಾಕು.

ಕೆಲಸ ಹುಡುಕುವವರಿಗೆ

ರಾಜ್ಯದಿಂದ ಹೊರಹೋಗಲು ಬಯಸುವ ಯುವಜನರಿಗೂ ಇದೇ ಕ್ರಮ ಅನ್ವಯಿಸುತ್ತದೆ. ವರ್ತಕರ, ಉದ್ಯಮಿಗಳ ಮನೆಯ ಮಕ್ಕಳೇ ಅವರಲ್ಲಿ ಎಷ್ಟೋ ಮಂದಿ. ಚಾಕಣದ ಅಥವಾ ಹೊಸೂರಿನ ಕಾರ್ಖಾನೆಗೆ ಹೊರಡುವ ಡಿಪ್ಲೊಮಾ ಪದವೀಧರನು ಅರ್ಜಿಯಲ್ಲಿಯೇ ಇಂತಹ ದಿನಾಂಕದಿಂದ ಬಂದು ನೆಲೆಸಲು ಸಿದ್ಧ ಎಂದು ಬರೆಯಬೇಕು. ವಿಳಾಸ ನೋಡಿ ಬದಿಗಿಡುವ ಮಾಲೀಕನಿಗೆ ಅದೊಂದು ಸಾಲು ಉತ್ತರವಾಗುತ್ತದೆ. ಕೈಗೆ ಬರುವ ಸಂಬಳವನ್ನು ಆ ಊರಿನ ಬಾಡಿಗೆ ಮತ್ತು ಮುಂಗಡ ಠೇವಣಿಯೊಡನೆ ತೂಗಿ ನೋಡಬೇಕು. ಕಾರ್ಖಾನೆ ನಿಜವಾಗಿಯೂ ಅಲ್ಲಿದೆಯೇ ಎಂದು ಜಿಎಸ್‌ಟಿ ಸಂಖ್ಯೆಯಿಂದ ಪರಿಶೀಲಿಸಬೇಕು. ನೇಮಕಕ್ಕೆ ಮುನ್ನ ನೋಂದಣಿ ಶುಲ್ಕ, ಸಮವಸ್ತ್ರದ ಹಣ, ಠೇವಣಿ ಎಂದು ಯಾರೇ ಹಣ ಕೇಳಿದರೂ ಅದು ಕೆಲಸವಲ್ಲ, ವಂಚನೆಯೆಂದೇ ತಿಳಿಯಬೇಕು. ಮೊದಲು ಒಬ್ಬನೇ ಹೋಗಿ, ಎರಡು ಸಂಬಳ ಕಂಡ ಮೇಲೆ ಸಂಸಾರವನ್ನು ಕರೆಸಿಕೊಳ್ಳುವುದು ಲೇಸು. ಮರಳಿ ಬರುವ ದರವನ್ನು ಎಂದಿಗೂ ಮುಟ್ಟದೆ ಬೇರೆ ಇಟ್ಟಿರುವುದು ಇನ್ನೂ ಲೇಸು.

ವಾಣಿಜ್ಯ ಸಂಸ್ಥೆಗಳು ಮಾಡಬೇಕಾದುದು

2020ರ ಮಾರ್ಚಿನಲ್ಲಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದಾಗ ಯಾವ ಊರಿನಲ್ಲಿ ಯಾವ ರಾಜ್ಯದ ಎಷ್ಟು ಕೆಲಸಗಾರರಿದ್ದಾರೆಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಮೇ 1ರಿಂದ ಆರಂಭವಾದ ಶ್ರಮಿಕ್ ವಿಶೇಷ ರೈಲುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ಊರಿಗೆ ಮರಳಿದರು. ಕೈಗಾರಿಕೆಗಳು ಮತ್ತೆ ತೆರೆದಾಗ ಅನೇಕ ಮಾಲೀಕರಿಗೆ ತಮ್ಮ ಕೆಲಸಗಾರರ ಊರಿನ ಹೆಸರೂ ಗೊತ್ತಿರಲಿಲ್ಲ. ಗೊತ್ತಿದ್ದುದು ಗುತ್ತಿಗೆದಾರನ ದೂರವಾಣಿ ಸಂಖ್ಯೆ ಮಾತ್ರ. ಹೆಸರು, ವಿಳಾಸ ಬರೆದಿಟ್ಟು ಮಾತು ಉಳಿಸಿಕೊಂಡಿದ್ದವರು ಒಂದು ಕರೆ ಮಾಡಿ ಜನರನ್ನು ಹಿಂದಕ್ಕೆ ಕರೆಸಿಕೊಳ್ಳುವಂತಿತ್ತು. ಆ ಬಳಿಕ 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರ ಹೆಸರು ದಾಖಲಾಗಿದೆ. 2015ರಿಂದ ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆಯೂ ಮಾಲೀಕರಿಗೆ ಮತ್ತು ಅಭ್ಯರ್ಥಿಗಳಿಗೆ ಉಚಿತವಾಗಿ ಲಭ್ಯವಿದೆ. ದಾಖಲೆಗಳಿವೆ, ದಾಖಲೆಯಲ್ಲಿರುವ ಹೆಸರಿಗೂ ಕಾರ್ಖಾನೆಯ ಖಾಲಿ ಯಂತ್ರಕ್ಕೂ ನಡುವೆ ನಂಬಿಕೆಯ ಸೇತುವೆ ಇಲ್ಲ.

ಆ ಸೇತುವೆಯನ್ನು ಕಟ್ಟಬಲ್ಲವು ಜಿಲ್ಲಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು. ಸದಸ್ಯರಿಗೆಲ್ಲ ಒಂದೇ ಮಾದರಿಯ ಪತ್ರವನ್ನು ಸಿದ್ಧಪಡಿಸಿಕೊಡುವುದು. ತಿಂಗಳಿಗೊಮ್ಮೆ ಸದಸ್ಯ ಘಟಕಗಳ ಖಾಲಿ ಹುದ್ದೆಗಳನ್ನು ವೇತನ ಸಹಿತ ಪ್ರಕಟಿಸುವುದು. ಆ ಪಟ್ಟಿಯನ್ನು ಮೊದಲು ಜಿಲ್ಲೆಯ ಐಟಿಐಗಳಿಗೆ, ಅನಂತರ ಹೊರರಾಜ್ಯಗಳ ಸೋದರ ಸಂಸ್ಥೆಗಳಿಗೆ ಕಳುಹಿಸುವುದು. ಮಾತಿಗೆ ತಪ್ಪಿದ ಮಾಲೀಕನ ವಿರುದ್ಧವೂ, ಕಾರಣವಿಲ್ಲದೆ ಕರಾರು ಮುರಿದ ಕೆಲಸಗಾರನ ವಿರುದ್ಧವೂ ಬಂದ ದೂರುಗಳನ್ನು ಆಲಿಸಲು ಇಬ್ಬರು ಹಿರಿಯ ಸದಸ್ಯರನ್ನು ನೇಮಿಸುವುದು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಅನುದಾನ ಬೇಕಿಲ್ಲ. ಸಂಸ್ಥೆಯ ಮೊಹರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಮೂಲ ಪ್ರಮಾಣಪತ್ರಗಳಿಗಾಗಿ ಬಳಕೆಯಾಗುವ ಆ ಬೆಲೆ ದೂರದ ಹಳ್ಳಿಯ ಕೆಲಸಗಾರನಿಗೊಂದು ಧೈರ್ಯವಾಗಿಯೂ ಬಳಕೆಯಾಗಲಿ.

ಮುಂಬರುವ ವರ್ಷಗಳಲ್ಲಿ ಕುಶಲ ಕೆಲಸಗಾರನಿಗಾಗಿ ರಾಜ್ಯಗಳ ನಡುವೆ, ಕೈಗಾರಿಕಾ ಪ್ರದೇಶಗಳ ನಡುವೆ ಪೈಪೋಟಿ ಹೆಚ್ಚುವುದೇ ಹೊರತು ಕಡಿಮೆಯಾಗದು. ಕೂಲಿ ಏರಿಸುವ ಪೈಪೋಟಿಯಲ್ಲಿ ದೊಡ್ಡ ಕಾರ್ಖಾನೆಗಳೊಡನೆ ಸಣ್ಣವರು ಗೆಲ್ಲುವುದು ಕಷ್ಟ. ಮಾತು ಕೊಡುವ ಹಾಗೂ ಕೊಟ್ಟ ಮಾತನ್ನು ನಡೆಸುವ ಪೈಪೋಟಿಯಲ್ಲಿ ಸಣ್ಣ ಉದ್ಯಮಿಗೆ ಯಾರೂ ಸಾಟಿಯಿಲ್ಲ. ಏಕೆಂದರೆ ಅಲ್ಲಿ ಮಾಲೀಕನೇ ಸಹಿ ಹಾಕುತ್ತಾನೆ, ಮಾಲೀಕನೇ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಾನೆ. ಸದಸ್ಯ ಘಟಕಗಳು ಮುಂದಿನ ನೇಮಕವೊಂದನ್ನಾದರೂ ಈ ಕ್ರಮದಲ್ಲಿ ಮಾಡಿ ನೋಡುವುದು ಉಚಿತ. ಆರು ತಿಂಗಳ ಬಳಿಕ ಆ ಕೆಲಸಗಾರ ಅದೇ ಯಂತ್ರದ ಮುಂದೆ ನಿಂತಿದ್ದರೆ, ಉಳಿದ ನೇಮಕಗಳಿಗೂ ಅದೇ ಹಾಳೆ ಸಾಕಾಗುತ್ತದೆ.